ಕಾರು ಬ್ಯಾಟರಿ ಚಾರ್ಜರ್: ಆಯ್ಕೆ

ಮನೆಗೆ ಬರುವ ಎ.ಸಿ. ವಿದ್ಯುತ್ತನ್ನು ಕಡಿಮೆ ವೋಲ್ಟೇಜಿನ ಡಿ.ಸಿ. ಆಗಿ ಮಾರ್ಪಡಿಸಿ ಕಾರಿನ ಬ್ಯಾಟರಿಗೆ ಹರಿಸುವ ಸಾಧನ. ಕಾರು ಓಡುವಾಗ ಬ್ಯಾಟರಿ ತುಂಬುವ ಕೆಲಸವನ್ನು ಕಾರಿನದೇ ಆಲ್ಟರ್ನೇಟರ್ ಮಾಡುತ್ತದೆ. ವಾರಗಟ್ಟಲೆ ನಿಂತು ಬ್ಯಾಟರಿ ಡೌನ್ ಆದ ಕಾರಿಗೆ ಚಾರ್ಜರ್ ಬೇಕು.

ಇತಿಹಾಸ: ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ಸೀಸ-ಆಮ್ಲ ಬ್ಯಾಟರಿ ರಚಿಸಿದ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್‌ನ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿ ಕಾರಿನ ಅನಿವಾರ್ಯ ಅಂಗವಾಯಿತು. ಎ.ಸಿ. ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ ಅದನ್ನು ನೇರವಾಗಿ ಕೊಟ್ಟರೆ ಬ್ಯಾಟರಿ ತುಂಬದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ‘ಟಂಗಾರ್’ ಬಲ್ಬು ಇದಕ್ಕೆ ಪರಿಹಾರ ಕೊಟ್ಟಿತು: ಆರ್ಗಾನ್ ತುಂಬಿದ ಗಾಜಿನೊಳಗೆ ಕಾದ ಟಂಗ್‌ಸ್ಟನ್ ತಂತಿ, ಎದುರಿಗೆ ಗ್ರಾಫೈಟ್, ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಮುಂದೆ ಸೆಲೆನಿಯಂ ಫಲಕಗಳೂ ಸಿಲಿಕಾನ್ ಡಯೋಡ್‌ಗಳೂ ಬಂದವು. ಆದರೆ ಬ್ಯಾಟರಿ ತುಂಬಿದ್ದನ್ನು ತಿಳಿದು ನಿಲ್ಲುವ ಏರ್ಪಾಡು ಈ ಸರಳ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಮರೆತು ಬಿಟ್ಟರೆ ಬ್ಯಾಟರಿಯ ನೀರು ಅನಿಲವಾಗಿ ಹೋಗಿ ಪ್ಲೇಟುಗಳು ಹಾಳಾಗುತ್ತಿದ್ದವು. ಇಂದಿಗೂ ಅಗ್ಗದ ಚಾರ್ಜರುಗಳಲ್ಲಿ ಈ ದೋಷ ಉಳಿದಿದೆ.

ವೋಲ್ಟೇಜು: ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಆಂಪಿಯರ್ ಅಲ್ಲ, ವೋಲ್ಟೇಜಿನ ನಿಯಂತ್ರಣ. ಆರು ಸೆಲ್‌ಗಳ ಬ್ಯಾಟರಿ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಉತ್ತಮ ಚಾರ್ಜರ್ ಮೊದಲು ಸ್ಥಿರ ಕರೆಂಟಿನಿಂದ ವೋಲ್ಟೇಜನ್ನು 14.4ರ ಆಸುಪಾಸಿಗೆ ಏರಿಸಿ, ಅಲ್ಲೇ ಹಿಡಿದು, ಕರೆಂಟು ಇಳಿದ ಮೇಲೆ 13.5ರ ಸುತ್ತ ಕಾಯ್ದುಕೊಳ್ಳುತ್ತದೆ. ಈ ಅಂಕಿಗಳು 25 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿದವು. ಪ್ರತಿ ಡಿಗ್ರಿ ಏರಿಕೆಗೆ ಸುಮಾರು 0.02ರಿಂದ 0.03 ವೋಲ್ಟ್ ತಗ್ಗಿಸಬೇಕು. ರಾಯಚೂರು, ಕಲಬುರಗಿಗಳ 40 ಡಿಗ್ರಿ ಬಿಸಿಲಿನಲ್ಲಿ 14.4 ಎಂಬುದು ಸುಮಾರು 14ಕ್ಕೆ ಇಳಿಯಬೇಕಾಗುತ್ತದೆ. ಆದ್ದರಿಂದ ಉಷ್ಣತೆಗೆ ತಕ್ಕಂತೆ ಹೊಂದಿಕೊಳ್ಳುವ ಚಾರ್ಜರ್ ಬಯಲುಸೀಮೆಯವರಿಗೆ ವಿಶೇಷ ಉಪಯುಕ್ತ.

ಕರೆಂಟು: ಬ್ಯಾಟರಿಯ ಆಂಪಿಯರ್-ಅವರ್ ಸಾಮರ್ಥ್ಯದ ಹತ್ತನೇ ಒಂದು ಭಾಗ ಸಾಮಾನ್ಯವಾಗಿ ಸುರಕ್ಷಿತ. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ 3ರಿಂದ 4 ಆಂಪಿಯರ್ ಸಾಕು. ಒಂದು ರಾತ್ರಿ ಹಿಡಿದರೂ ಅವಸರದ ಚಾರ್ಜಿಗಿಂತ ಇದು ಮೇಲು.

ಬ್ಯಾಟರಿಯ ಬಗೆ: ಎ.ಜಿ.ಎಂ., ಜೆಲ್, ಲಿಥಿಯಂ ಬ್ಯಾಟರಿಗಳಿಗೆ ಅವವಕ್ಕೇ ಹೊಂದುವ ಆಯ್ಕೆ ಚಾರ್ಜರಿನಲ್ಲಿರಬೇಕು. ಹೆಚ್ಚು ವೋಲ್ಟೇಜು ಜೆಲ್‌ಗೆ ಮಾರಕ. ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿದ ಬ್ಯಾಟರಿಯನ್ನು ಮರಳಿ ಜೀವಂತಗೊಳಿಸುತ್ತೇವೆಂಬ ಜಾಹೀರಾತುಗಳನ್ನು ಎಚ್ಚರದಿಂದ ಓದಬೇಕು. ಹಳೆಯ, ಗಟ್ಟಿಯಾದ ಸಲ್ಫೇಟ್ ಸಾಮಾನ್ಯವಾಗಿ ಕರಗದು.

ಸುರಕ್ಷತೆ: ಚಾರ್ಜಾಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಸುಮಾರು ಶೇ. 4 ಆದರೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಗಾಳಿಯಾಡುವ ಜಾಗದಲ್ಲಿ, ಕ್ಲಿಪ್ಪುಗಳನ್ನು ಮೊದಲು ಸಿಕ್ಕಿಸಿ, ನಂತರವೇ ಸ್ವಿಚ್ ಹಾಕಬೇಕು.