ನಮ್ಮ ಕಡೆ ಕೇಬಲ್‌ಗಿಂತ ಮೊದಲು ಬಂದದ್ದು ಡಿಶ್

ಡಿಶ್ ಹಾಕಿಸಬೇಕೋ, ಕೇಬಲ್ ತಗೋಬೇಕೋ ಎಂಬ ಮಾತು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಈಗಲೂ ನಡೆಯುತ್ತದೆ. ಕೇಬಲ್ ಹಳೆಯದು, ಡಿಶ್ ಹೊಸದು ಎಂದೇ ಬಹಳ ಜನರ ತಿಳಿವಳಿಕೆ. ಆದರೆ ಈ ಭಾಗದಲ್ಲಿ ಹಳ್ಳಿ ಟಿವಿಯ ಕಥೆ ಶುರುವಾಗಿದ್ದೇ ಡಿಶ್‌ನಿಂದ.

1975ರ ಆಗಸ್ಟ್ 1ರಂದು ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ‘ಸೈಟ್’ ಎಂಬ ಪ್ರಯೋಗ ಆರಂಭಿಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಎಟಿಎಸ್-6 ಎಂಬ ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸುವ ಯೋಜನೆ ಅದು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ನಮ್ಮ ನಾಲ್ಕೂ ತಾಲೂಕುಗಳು ಆಗ ರಾಯಚೂರು ಜಿಲ್ಲೆಯಲ್ಲಿದ್ದವು.

ಆ ಡಿಶ್ ಈಗಿನಂತೆ ಪುಟ್ಟದಲ್ಲ. ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯದು, ಸುಮಾರು 10 ಅಡಿ ಅಗಲ. ಊರಿಗೆಲ್ಲ ಸೇರಿ ಒಂದೇ ಟಿವಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆಯ ಕಾರ್ಯಕ್ರಮ. ದಿನಕ್ಕೆ ಸುಮಾರು ನಾಲ್ಕು ತಾಸು. ಏನು ನೋಡಬೇಕೆಂಬುದು ನೋಡುವವರ ಕೈಯಲ್ಲಿ ಇರಲಿಲ್ಲ. 1976ರ ಜುಲೈ 31ಕ್ಕೆ ಒಂದು ವರ್ಷದ ಅವಧಿ ಮುಗಿಯಿತು, ಉಪಗ್ರಹವನ್ನು ಬೇರೆ ಕಡೆ ಸರಿಸಲಾಯಿತು. ಡಿಶ್ ಇದ್ದರೂ ಸಿಗ್ನಲ್ ಇಲ್ಲದಾಯಿತು.

ಆಮೇಲೆ ಮಾಳಿಗೆ ಮೇಲೆ ಕಂಬ ನೆಟ್ಟು, ಅದನ್ನು ತಿರುಗಿಸುತ್ತ ದೂರದರ್ಶನ ನೋಡಿದ ಕಾಲ ಬಂತು. 1987ರಲ್ಲಿ ‘ರಾಮಾಯಣ’ ಶುರುವಾದಾಗ ಟಿವಿ ಇದ್ದ ಮನೆಯೇ ಭಾನುವಾರದ ಗುಡಿಯಂತಾಗಿತ್ತು.

1990ರ ದಶಕದಲ್ಲಿ ದೇಶದ ತುಂಬ ಕೇಬಲ್ ಹಬ್ಬಿತು. ಒಬ್ಬರು ದೊಡ್ಡ ಡಿಶ್ ಹಾಕಿ, ಅಲ್ಲಿಂದ ಮನೆಮನೆಗೆ ತಂತಿ ಎಳೆಯುವ ವ್ಯವಸ್ಥೆ. 1994ರಲ್ಲಿ ಉದಯ ಟಿವಿ ಬಂದಮೇಲೆ ಕನ್ನಡದ ಮನೆಗಳಿಗೆ ಕೇಬಲ್ ಇನ್ನಷ್ಟು ಬೇಕೆನಿಸಿತು. 1995ರಲ್ಲಿ ಕೇಬಲ್ ಕಾಯ್ದೆಯೂ ಬಂತು. ಆದರೆ ಹೊಲದ ಮನೆ, ದೂರದ ಕ್ಯಾಂಪು, ತಾಂಡಾಗಳ ತನಕ ತಂತಿ ಎಳೆಯುವುದು ಕೇಬಲ್‌ನವರಿಗೆ ಗಿಟ್ಟುವ ಮಾತಲ್ಲ. ಅಂಥ ಮನೆಗಳಿಗೆ ದಾರಿಯಾದದ್ದು 2003ರಿಂದ ಬಂದ ಖಾಸಗಿ ಡಿಶ್ ಸೇವೆಗಳು, 2004ರ ಡಿಸೆಂಬರ್‌ನಲ್ಲಿ ಬಂದ ದೂರದರ್ಶನದ ಉಚಿತ ಡಿಶ್. ಈಗ ಅದರ ಹೆಸರು ಡಿಡಿ ಫ್ರೀ ಡಿಶ್.

ಹಾಗಾದರೆ ಈಗ ಯಾವುದು ಮೇಲು? 2019ರ ಫೆಬ್ರುವರಿಯಿಂದ ಟ್ರಾಯ್ ನಿಯಮದ ಪ್ರಕಾರ ಎರಡರಲ್ಲೂ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಬಹುದು. ಹಾಗಾಗಿ ಚಾನೆಲ್‌ಗಿಂತ ಬೇರೆ ಸಂಗತಿ ನೋಡಿ ನಿರ್ಧರಿಸುವುದು ಒಳ್ಳೆಯದು. ಜೋರು ಮಳೆ ಬಂದರೆ ಡಿಶ್ ಚಿತ್ರ ನಿಲ್ಲುತ್ತದೆ, ಮಳೆ ಇಳಿದರೆ ತಾನೇ ಬರುತ್ತದೆ. ಕೇಬಲ್ ತಂತಿ ಹರಿದರೆ ಯಾರಾದರೂ ಬಂದು ಜೋಡಿಸಬೇಕು, ಕೇಬಲ್‌ನವರ ಕಡೆ ಕರೆಂಟ್ ಹೋದರೂ ತೊಂದರೆ. ಆದರೆ ಕೇಬಲ್‌ನವರು ಊರಿನವರೇ ಆಗಿದ್ದರೆ ಹೇಳಿಕೊಳ್ಳಲು ಒಬ್ಬ ಮನುಷ್ಯ ಸಿಗುತ್ತಾನೆ. ಖಾಸಗಿ ಡಿಶ್‌ನಲ್ಲಿ ಕಾಲ್ ಸೆಂಟರ್‌ಗೆ ಫೋನ್ ಹಚ್ಚಬೇಕು. ಫ್ರೀ ಡಿಶ್‌ಗೆ ತಿಂಗಳ ಖರ್ಚಿಲ್ಲ, ಚಂದನ ಬರುತ್ತದೆ, ದುಡ್ಡಿನ ಚಾನೆಲ್ ಬರುವುದಿಲ್ಲ.

ಅಂದಿನ ಹಳ್ಳಿಗೆ ಇಲ್ಲದ ಆಯ್ಕೆ ಇಂದು ನಮಗಿದೆ. ಆದರೂ ಕೊಟ್ಟ ಪ್ಯಾಕ್ ಕೇಳದೆ ತಗೊಂಡು ನೋಡದ ಚಾನೆಲ್‌ಗೂ ದುಡ್ಡು ಕಟ್ಟುವ ಮನೆಗಳಿವೆ. ಮುಂದಿನ ರೀಚಾರ್ಜ್‌ಗೆ ಮೊದಲು ಮನೆಮಂದಿ ಕೂತು ನಿಜವಾಗಿ ನೋಡುವ ಚಾನೆಲ್‌ಗಳ ಪಟ್ಟಿ ಮಾಡಿ, ಅವಕ್ಕಷ್ಟೇ ದುಡ್ಡು ಕೊಡಿ.