ಬೀಡಿ ತುಂಡಿನ ಮೇಲೆ ಹೊರಿಸುವ ಬೆಂಕಿ

ಮಾಣಿಯಲ್ಲಿ ಹೆದ್ದಾರಿ ಕವಲೊಡೆದು ಒಂದು ದಾರಿ ಪುತ್ತೂರು, ಸುಳ್ಯ, ಮಡಿಕೇರಿ ದಾಟಿ ಮೈಸೂರು ಸೇರುತ್ತದೆ. ಆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಸತ್ತರು. ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ 13 ತಿಂಗಳು ಆಸ್ಪತ್ರೆಯಲ್ಲಿದ್ದರು. ಮರುವರ್ಷ ಟಿಪ್ಪು ದೂರದರ್ಶನದಲ್ಲಿ ಬಂದದ್ದು ನಮಗೆಲ್ಲ ನೆನಪಿದೆ. ಸತ್ತ ಕೆಲಸಗಾರರನ್ನು ನೆನೆಯುವವರು ಕಡಿಮೆ.

ಸಡಿಲ ವೈರಿಂಗ್, ಗಾಳಿಕಿಂಡಿ ಇಲ್ಲದ ಕಟ್ಟಡ, ನಂದಿಸಲು ಬರೀ ಮರಳು ಮತ್ತು ನೀರು ಎಂದು ಕಾರಣಗಳು ಕೇಳಿಬಂದವು. ದೊಡ್ಡ ದೀಪಗಳಿಂದ ಒಳಗಿನ ಶಾಖ 120 ಡಿಗ್ರಿ ಮುಟ್ಟಿತ್ತೆಂದೂ ಬರೆಯುತ್ತಾರೆ. ಆ ಶಾಖದಲ್ಲಿ ಮನುಷ್ಯ ನಿಂತು ನಟಿಸಲಾರ. ಅದು ದೀಪದ ಬಳಿಯ ಲೆಕ್ಕವೇ ಇರಬೇಕೆಂದು ನಮ್ಮ ಅನಿಸಿಕೆ. ಹಾಗಿದ್ದರೂ ಹತ್ತಿ ಬಟ್ಟೆ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಹೆಚ್ಚು ಬೇಕು. ಕರಗಿದ ತಾಮ್ರದ ತಂತಿ ಸಿಕ್ಕಿತೆಂದರೆ ಸಾಲದು. ತಂತಿಯಿಂದ ಬೆಂಕಿ ಬಿತ್ತೋ, ಬೆಂಕಿಯಿಂದ ತಂತಿ ಕರಗಿತೋ ಎಂದು ಕೇಳಬೇಕು. ತನಿಖೆಯೆಂದರೆ ಇಂಥ ಒಂದೊಂದು ಮೂಲವನ್ನೂ ಹೊರಗಿಟ್ಟು ನೋಡುವುದು.

ಹಾಗೆ ನೋಡದಿದ್ದರೆ ನಿರಪರಾಧಿಯ ಕೊರಳಿಗೆ ಉರುಳು ಬೀಳುತ್ತದೆ. 1990ರಲ್ಲಿ ಅಮೆರಿಕದ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ, ಲೈಮ್ ಸ್ಟ್ರೀಟಿನ ಮನೆಯೊಂದರಲ್ಲಿ ಆರು ಮಂದಿ ಬೆಂದು ಸತ್ತರು. ನೆಲದ ಸುಟ್ಟ ಗುರುತು ಕಂಡು, ಪೆಟ್ರೋಲ್ ಸುರಿದಿದ್ದಾನೆಂದು ಮನೆಯ ಯಜಮಾನನ ಮೇಲೆ ಕೊಲೆ ಮೊಕದ್ದಮೆ ಹೂಡಿದರು. ಬೆಂಕಿ ಸೋಫಾದಿಂದ ಶುರುವಾಯಿತೆಂದು ಅವನ ಮಾತು. ಪಕ್ಕದಲ್ಲೇ ಅಂಥದ್ದೇ ಮನೆಯೊಂದು ಕೆಡವಲು ಸಿದ್ಧವಾಗಿತ್ತು. ಜಾನ್ ಲೆಂಟಿನಿ, ಜಾನ್ ಡಿಹಾನ್ ಎಂಬ ತಜ್ಞರು ಅದರೊಳಗೆ ಅದೇ ಬಗೆಯ ಸಾಮಾನು ಇಟ್ಟು, ಪೆಟ್ರೋಲ್ ಇಲ್ಲದೆ ಸೋಫಾಕ್ಕೆ ಬೆಂಕಿ ಹಚ್ಚಿದರು. ಐದು ನಿಮಿಷದೊಳಗೆ ಕೋಣೆಯೆಲ್ಲ ಒಮ್ಮೆಲೇ ಧಗ್ಗೆಂದಿತು; ನೆಲದಲ್ಲಿ ಅವೇ ಗುರುತುಗಳು ಮೂಡಿದವು. ಮೊಕದ್ದಮೆ ಬಿದ್ದುಹೋಯಿತು. ಆ ಪರೀಕ್ಷೆ ಮಾಡಿಸಿದ್ದು ಆರೋಪಿಯ ಪರ ವಕೀಲರಲ್ಲ, ಪ್ರಾಸಿಕ್ಯೂಶನ್ನಿನವರೇ ಎಂಬುದನ್ನು ಓದುಗರು ಗಮನಿಸಬೇಕು.

ಬಂಟ್ವಾಳದ ಎಷ್ಟೋ ಮನೆಗಳು ಬೀಡಿ ಕಟ್ಟಿ ಬದುಕಿದವು. ಎಲ್ಲಿ ಬೆಂಕಿ ಬಿದ್ದರೂ 'ಯಾರೋ ಬೀಡಿ ಎಸೆದಿರಬೇಕು' ಎಂಬ ಮಾತು ನಮ್ಮಲ್ಲಿ ಸುಲಭ. ಅಮೆರಿಕದ ಸರಕಾರಿ ತಜ್ಞರು ಉರಿಯುವ ಸಿಗರೇಟನ್ನು ಪೆಟ್ರೋಲ್ ಆವಿಗೆ ಸಾವಿರಾರು ಬಾರಿ ಹಿಡಿದು ನೋಡಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು: ಒಮ್ಮೆಯೂ ಹೊತ್ತಿಕೊಳ್ಳಲಿಲ್ಲ. ಹತ್ತಿಯ ಹಾಸಿಗೆಯ ಕಥೆ ಬೇರೆ, ಅಲ್ಲಿ ಕಿಡಿ ಗಂಟೆಗಟ್ಟಲೆ ಹೊಗೆಯಾಡಿ ಕೊನೆಗೆ ಜ್ವಾಲೆಯಾದೀತು. ಪೆಟ್ರೋಲ್ ಬಳಿ ಹುಡುಕಬೇಕಾದದ್ದು ಸೇದಿ ಎಸೆದ ತುಂಡನ್ನಲ್ಲ, ಅದನ್ನು ಹಚ್ಚಲು ಗೀರಿದ ಕಡ್ಡಿಯನ್ನು.