ರೆನಾಲ್ಡ್ಸನ ಭಾವಚಿತ್ರಗಳೂ ಚರಿತ್ರಕಾರನೂ

ಮಹಾಪುರುಷರ ಭಾವಚಿತ್ರಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ಗ್ರಂಥದ ಅಲಂಕಾರಕ್ಕೆಂದು ಬಳಸುವರೇ ಹೊರತು, ಶಾಸನಾದಿಗಳಂತೆ ಅವನ್ನೂ ಪರೀಕ್ಷೆಗೆ ಒಳಪಡಿಸುವುದು ವಿರಳ. ಚಿತ್ರಪಟವು ಎಂತಹ ಸಾಕ್ಷ್ಯ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ಆಂಗ್ಲ ಚಿತ್ರಕಾರನಾದ ಸರ್ ಜೋಷುವ ರೆನಾಲ್ಡ್ಸನ ಕೃತಿಗಳು ಒಳ್ಳೆಯ ನಿದರ್ಶನಗಳಾಗಿವೆ.

ರೆನಾಲ್ಡ್ಸನು 1723ರಲ್ಲಿ ಡೆವನ್ ಪ್ರಾಂತದ ಪ್ಲಿಂಪ್ಟನ್ನಿನಲ್ಲಿ ಜನಿಸಿದನು. ಲಂಡನಿನಲ್ಲಿ ತಾಮಸ್ ಹಡ್ಸನ್ನನ ಶಿಷ್ಯನಾಗಿದ್ದು, 1749ರಲ್ಲಿ ನೌಕಾಧಿಪತಿ ಕೆಪೆಲ್ಲನ ಹಡಗಿನಲ್ಲಿ ಹೊರಟು, ರೋಮಿನಲ್ಲಿ ಪ್ರಾಚೀನ ಶಿಲ್ಪಗಳನ್ನೂ ಇಟಲಿಯ ಮಹಾಚಿತ್ರಕಾರರ ಕೃತಿಗಳನ್ನೂ ಅಭ್ಯಾಸಮಾಡಿದನು. 1768ರಲ್ಲಿ ರಾಯಲ್ ಅಕಾಡೆಮಿಯು ಸ್ಥಾಪಿತವಾದಾಗ ಅದರ ಪ್ರಥಮ ಅಧ್ಯಕ್ಷನಾದನು. 1769ರಿಂದ 1790ರ ವರೆಗೆ ಅವನು ಕೊಟ್ಟ 15 ಉಪನ್ಯಾಸಗಳಲ್ಲಿ ಇತಿಹಾಸಪುರಾಣಗಳ ಚಿತ್ರಣಕ್ಕೆ ಅಗ್ರಸ್ಥಾನವನ್ನು ಕೊಟ್ಟು, ಭಾವಚಿತ್ರವನ್ನು ಅದಕ್ಕಿಂತ ಕೆಳಗಿನ ದರ್ಜೆಯಲ್ಲಿರಿಸಿದನು. ಆದರೆ ಅವನಿಗೆ ಅನ್ನವನ್ನೂ ಕೀರ್ತಿಯನ್ನೂ ತಂದುದು ಭಾವಚಿತ್ರವೇ!

ಈ ವಿರೋಧವನ್ನು ಅವನು ತನ್ನದೇ ರೀತಿಯಲ್ಲಿ ಪರಿಹರಿಸಿಕೊಂಡನು. ಕೆಪೆಲ್ಲನ ಚಿತ್ರದಲ್ಲಿ ಬಿರುಗಾಳಿಯ ಕಡಲತೀರದಲ್ಲಿ ನಡೆದುಬರುವ ವೀರನ ನಿಲುವು ಅಪಾಲೋ ದೇವನ ಪುರಾತನ ವಿಗ್ರಹವನ್ನು ಹೋಲುತ್ತದೆ. 1784ರಲ್ಲಿ ನಟಿ ಸಾರಾ ಸಿಡನ್ಸಳನ್ನು ದುಃಖಾಂತನಾಟಕದ ಅಧಿದೇವತೆಯಾಗಿ ಚಿತ್ರಿಸಿದಾಗ ಮೈಕೆಲೇಂಜೆಲೋವಿನ ಪ್ರವಾದಿಚಿತ್ರಗಳ ಗಾಂಭೀರ್ಯವನ್ನು ಆಕೆಗೆ ತೊಡಿಸಿದನು. ಆದ್ದರಿಂದ ಇಂತಹ ಪಟದಲ್ಲಿನ ಭಂಗಿಯು ವ್ಯಕ್ತಿಯ ಸಹಜವಾದ ನಡೆಯೆಂದು ಭಾವಿಸುವುದು ಪ್ರಮಾದವಾದೀತು.

ಹಾಗಾದರೆ ರೆನಾಲ್ಡ್ಸನು ಕೇವಲ ಸ್ತುತಿಪಾಠಕನೆ? ಅಲ್ಲವೆಂಬುದಕ್ಕೆ ಡಾಕ್ಟರ್ ಜಾನ್ಸನ್ನನ ಪಟವೇ ಸಾಕ್ಷಿ. 1764ರಲ್ಲಿ ಇವರಿಬ್ಬರೂ ಸೇರಿ ಪ್ರಸಿದ್ಧವಾದ ಸಾಹಿತ್ಯಗೋಷ್ಠಿಯನ್ನು ಸ್ಥಾಪಿಸಿದ್ದರು. ಗೋಲ್ಡ್‌ಸ್ಮಿತ್ತನು ತನ್ನ 'ಡೆಸರ್ಟೆಡ್ ವಿಲೇಜ್' ಕಾವ್ಯವನ್ನೂ, ಬಾಸ್ವೆಲನು ಜಾನ್ಸನ್ನನ ಜೀವನಚರಿತ್ರೆಯನ್ನೂ ಅರ್ಪಿಸಿದುದು ಈ ಚಿತ್ರಕಾರನಿಗೇ. ಇಷ್ಟು ಸ್ನೇಹವಿದ್ದರೂ 1775ರ ಸುಮಾರಿನಲ್ಲಿ ಅವನು ಜಾನ್ಸನ್ನನನ್ನು, ಪುಸ್ತಕವನ್ನು ಮುಖದ ಹತ್ತಿರಕ್ಕೆ ಹಿಡಿದು ಕಣ್ಣು ಕಿರಿದುಮಾಡಿ ಓದುವ ಮಂದದೃಷ್ಟಿಯವನನ್ನಾಗಿ ಬರೆದನು. ಜಾನ್ಸನ್ನನು ಕೆರಳಿದನು, ತನ್ನ ಕುಂದು ಮುಂದಿನವರಿಗೆ ಉಳಿಯುವುದು ಅವನಿಗೆ ಸಮ್ಮತವಾಗಲಿಲ್ಲ. ರೆನಾಲ್ಡ್ಸನಾದರೋ ಅದೇ ಕಾಲದಲ್ಲಿ ತನ್ನನ್ನೇ, ಕಿವಿಗೆ ಕೈಯನ್ನು ಮರೆಗೊಟ್ಟು ಆಲಿಸುವ ಕಿವುಡನಾಗಿ ಚಿತ್ರಿಸಿಕೊಂಡಿದ್ದನು. ಪರರ ಕುಂದನ್ನು ಕಾಣಿಸಿದವನು ತನ್ನದನ್ನು ಮರೆಮಾಚಲಿಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಹಳೆಯ ಚಿತ್ರಕಾರರ ವರ್ಣಕಾಂತಿಯನ್ನು ಪಡೆಯಲು ರೆನಾಲ್ಡ್ಸನು ಬಗೆಬಗೆಯ ಪ್ರಯೋಗಗಳನ್ನು ನಡೆಸಿದನು. ಅವನು ಬಳಸಿದ ಕೆಂಬಣ್ಣಗಳು ಬೆಳಕಿಗೆ ಮಾಸಿಹೋಗುವಂಥವು. ಅವನ ಜೀವಿತಕಾಲದಲ್ಲಿಯೇ ಹಲವು ಮುಖಗಳು ಬಿಳಿಚಿಕೊಂಡವು. ರಾಳದೊಂದಿಗೆ ಕಲಸಿದ ಬಣ್ಣಗಳು ಬಿರಿದವು. ಆ ಪಟದ ವಿವರ್ಣತೆಯನ್ನು ಕಂಡು ಚಿತ್ರಿತನು ರೋಗಿಯಾಗಿದ್ದನೆಂದು ಊಹಿಸುವವನು, ಶಾಸನದ ಸವೆದ ಅಕ್ಷರವನ್ನು ಮೂಲಪಾಠವೆಂದು ಓದಿದವನಂತೆಯೇ ಮೋಸಹೋಗುವನು.

ಹೀಗೆ ಭಂಗಿಯಲ್ಲಿ ಸಂಪ್ರದಾಯವೆಷ್ಟು, ಚಿತ್ರಿತನ ಇಚ್ಛೆಯೆಷ್ಟು, ಕಾಲದ ಕೈವಾಡವೆಷ್ಟು ಎಂದು ವಿವೇಚಿಸಿದ ಬಳಿಕವೇ ಚಿತ್ರಪಟವು ಪ್ರಮಾಣವಾಗತಕ್ಕದ್ದು. 1792ರಲ್ಲಿ ರೆನಾಲ್ಡ್ಸನು ತೀರಿಕೊಂಡನು. ಜಾನ್ಸನ್ನನ ಮುನಿಸಿಗೆ ಅಂಜಿ ಅವನು ಆ ಪಟವನ್ನು ತಿದ್ದಿದ್ದರೆ, ಕಣ್ಣಿನ ಮಾಂದ್ಯದೊಡನೆ ಹೋರಾಡುತ್ತಲೇ ಓದಿದ ಆ ವಿದ್ವಾಂಸನ ನಿಜರೂಪವು ನಮಗೆ ಉಳಿಯುತ್ತಿರಲಿಲ್ಲ.